ನಮ್ಮ ನಡಿಗೆ, ನಮ್ಮ ಲೆಕ್ಕ



ಹಿಂದೆ ನಮ್ಮ ಸೋಂಪುರದ ಕಡೆ ಮನೆಮನೆಯಲ್ಲೂ ರಾಗಿಕಲ್ಲು ಇತ್ತು. ಹೊತ್ತು ಹುಟ್ಟುವ ಮೊದಲೇ ಹೆಂಗಸರು ಎದ್ದು ರಾಗಿ ಬೀಸುತ್ತಿದ್ದರು. ಬಾವಿಯಿಂದ ನೀರು ಸೇದಿ ತರುತ್ತಿದ್ದರು. ಗಂಡಸರು ನೇಗಿಲ ಹಿಂದೆ ನಡೆಯುತ್ತಿದ್ದರು. ಸಂತೆಗೂ ನಡಿಗೆ, ಜಾತ್ರೆಗೂ ನಡಿಗೆ. "ಮೈಗೆ ಚಟುವಟಿಕೆ ಬೇಕು" ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಈಗ ಹಿಟ್ಟಿನ ಗಿರಣಿ ಇದೆ. ಮನೆ ಮುಂದೆ ನಲ್ಲಿ ಇದೆ. ಹೊಲ ಉಳಲು ಟ್ರ್ಯಾಕ್ಟರ್ ಇದೆ. ದಾಬಸ್‌ಪೇಟೆಗೆ ಹೋಗಲು ಬೈಕು, ಆಟೋ, ಬಸ್ಸು ಇವೆ. ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳು ಬಂದಿವೆ. ಹಲವರಿಗೆ ಕೆಲಸ ಸಿಕ್ಕಿದೆ. ಇದೆಲ್ಲ ಒಳ್ಳೆಯದೇ. ರಾಗಿಕಲ್ಲು ಮತ್ತೆ ಬರಲಿ ಅಂತ ಯಾರೂ ಬಯಸುವುದಿಲ್ಲ. ಆದರೆ ಒಂದು ಮಾತು ನೆನಪಿಡಬೇಕು. ಕೆಲಸ ಹೋಯಿತು, ಅದರ ಜೊತೆಗೆ ಮೈಗೆ ಸಿಗುತ್ತಿದ್ದ ಚಟುವಟಿಕೆಯೂ ಹೋಯಿತು. ಊಟ ಮಾತ್ರ ಕಡಿಮೆಯಾಗಿಲ್ಲ!

ಕೂತೇ ಇದ್ದರೆ ಏನಾಗುತ್ತದೆ?

ಹೆಚ್ಚು ಹೊತ್ತು ಕೂತೇ ಇದ್ದರೆ ತಿಂದ ಅನ್ನ, ಮುದ್ದೆ ಖರ್ಚಾಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಮೈ ತೂಕ ಹೆಚ್ಚುತ್ತದೆ. ರಕ್ತದ ಒತ್ತಡ, ಅಂದರೆ ಬಿ.ಪಿ., ಏರುತ್ತದೆ. ಹೃದಯಕ್ಕೂ ತೊಂದರೆ.

ಸಕ್ಕರೆ ಕಾಯಿಲೆ ಪೇಟೆಯವರ ಕಾಯಿಲೆ ಅಂತ ಕೆಲವರು ಹೇಳುತ್ತಾರೆ. ಅದು ಹಳೇ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಎಲ್ಲ ರಾಜ್ಯಗಳಲ್ಲಿ ಜನರನ್ನು ಪರೀಕ್ಷಿಸಿತು. ಹಳ್ಳಿಗಳಲ್ಲೂ ಪರೀಕ್ಷೆ ನಡೆಯಿತು. ಅದರ ವರದಿ 2023ರಲ್ಲಿ ಬಂತು. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಕಾಯಿಲೆಯ ಅಂಚಿನಲ್ಲಿದ್ದಾರೆ. ಅಂಚಿನಲ್ಲಿ ಇರುವವರು ಊಟ ಸರಿಮಾಡಿಕೊಂಡು, ಮೈ ಬಗ್ಗಿಸಿದರೆ, ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಇನ್ನೊಂದು ಲೆಕ್ಕ ಹೇಳಿತು. ಅದು 2022ರ ಲೆಕ್ಕ. ನಮ್ಮ ದೇಶದಲ್ಲಿ ವಯಸ್ಕರು 100 ಜನ ಇದ್ದರೆ, ಅವರಲ್ಲಿ ಸುಮಾರು 49 ಜನರ ಮೈಗೆ ಸಾಕಷ್ಟು ಚಟುವಟಿಕೆ ಇಲ್ಲ. ಗಂಡಸರಲ್ಲಿ 100ಕ್ಕೆ 42. ಹೆಂಗಸರಲ್ಲಿ 100ಕ್ಕೆ 57.

ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಅಳತೆ ಕೊಟ್ಟಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆ, ಅಥವಾ ಅಂಥ ಚಟುವಟಿಕೆ ಬೇಕು. 150 ನಿಮಿಷ ಅಂದರೆ ಎಷ್ಟು? ದಿನಕ್ಕೆ 30 ನಿಮಿಷದಂತೆ 5 ದಿನ.

30 × 5 = 150

ಬಿರುಸಿನ ನಡಿಗೆ ಅಂದರೆ ಯಾವುದು? ನಡೆಯುವಾಗ ಜೊತೆಯವರ ಹತ್ತಿರ ಮಾತಾಡಲು ಆಗಬೇಕು. ಆದರೆ ಪದ ಹೇಳಲು ಉಸಿರು ಸಾಲಬಾರದು. ಅದೇ ಬಿರುಸಿನ ನಡಿಗೆ. ಹಾಗೆ ನಡೆದರೆ ಒಂದು ನಿಮಿಷಕ್ಕೆ ಸುಮಾರು 100 ಹೆಜ್ಜೆ ಆಗುತ್ತದೆ.

ಹೊಲದಲ್ಲಿ ಅಗೆಯುವುದು, ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದು, ಸೈಕಲ್ ತುಳಿಯುವುದು, ಕೋಲಾಟ ಆಡುವುದು, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ದಿನವಿಡೀ ಕೂಲಿ ಮಾಡಿ ಬೆವರು ಸುರಿಸುವವರಿಗೆ ಈ ಪಾಠ ಅಲ್ಲ. ಅವರಿಗೆ ಬೇಕಾಗಿರುವುದು ವಿಶ್ರಾಂತಿ. ಈ ಪಾಠ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ. ಅಂಗಡಿಯಲ್ಲಿ ಕೂರುವವರಿಗೆ. ಆಟೋ, ಲಾರಿ ಓಡಿಸುವವರಿಗೆ. ಗೇಟಿನ ಬಳಿ ಕಾವಲು ಕೂರುವವರಿಗೆ. ಕೆಲಸ ಮಕ್ಕಳಿಗೆ ಬಿಟ್ಟು ಜಗುಲಿ ಹಿಡಿದ ಹಿರಿಯರಿಗೆ.

ಗೊತ್ತಿದ್ದರೂ ಯಾಕೆ ನಡೆಯುವುದಿಲ್ಲ?

ಒಂದು ಮನೆಯ ಅತ್ತೆ ಸೊಸೆ ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರು ಸೇರಿ ಜೋರಾಗಿ ಓದಿ. ಒಬ್ಬರು ಅತ್ತೆಯ ಮಾತು, ಇನ್ನೊಬ್ಬರು ಸೊಸೆಯ ಮಾತು.

ಅತ್ತೆ: ಏನವ್ವ, ಬೆಳಗ್ಗೆ ನಡೆಯೋಕೆ ಹೋಗ್ತೀನಿ ಅಂದಿದ್ದೆ. ಹೋಗಲಿಲ್ವಾ?

ಸೊಸೆ: ಇವತ್ತು ಆಗಲಿಲ್ಲ ಅತ್ತೆ. ನಾಳೆಯಿಂದ ಹೋಗ್ತೀನಿ.

ಅತ್ತೆ: ನಿನ್ನೇನೂ ಹಂಗೇ ಅಂದೆ.

ಸೊಸೆ: ಡಾಕ್ಟ್ರು ಹೇಳಿದ್ದು ನೆನಪಿದೆ ಅತ್ತೆ. ಸಕ್ಕರೆ ಅಂಚಿನಲ್ಲಿದೆ, ನಡೀರಿ ಅಂದ್ರು. ಆದ್ರೆ ಕಾರ್ಖಾನೆ ಬಸ್ಸು ಬೆಳಗ್ಗೇನೇ ಬಂದುಬಿಡುತ್ತೆ. ಸಂಜೆ ಬಂದ್ರೆ ಅಡುಗೆ. ಆಮೇಲೆ ಒಂಚೂರು ಫೋನು ನೋಡ್ತೀನಿ, ಅಷ್ಟೇ.

ಅತ್ತೆ: ಒಂಚೂರಾ? ನನ್ನ ಧಾರಾವಾಹಿ ಮುಗಿದ್ರೂ ನಿನ್ನ ಒಂಚೂರು ಮುಗಿಯಲ್ಲ!

ಸೊಸೆ: ಏನು ಮಾಡ್ಲಿ ಅತ್ತೆ, ಮನಸ್ಸು ಗಟ್ಟಿ ಇಲ್ಲ.

ಅತ್ತೆ: ಮನಸ್ಸಿನ ಮಾತು ಬಿಡು. ನಾನು ಡೈರಿಗೆ ಹಾಲು ಹಾಕ್ತೀನಿ. ದಿನಾ ಎಷ್ಟು ಲೀಟರ್ ಅಂತ ಬರೀತಾರೆ. ಹಾಲು ಕಡಿಮೆ ಆದ್ರೆ ಬರೆದಿದ್ದು ನೋಡಿದ ತಕ್ಷಣ ಗೊತ್ತಾಗುತ್ತೆ. ಹಸುಗೆ ಮೇವು ಸಾಲದಾ, ಕಾಯಿಲೆ ಬಂತಾ ಅಂತ ನೋಡ್ತೀವಿ. ಹಸುಗೆ ಲೆಕ್ಕ ಇದೆ. ನಿನ್ನ ನಡಿಗೆಗೆ ಲೆಕ್ಕ ಎಲ್ಲಿದೆ?

ಸೊಸೆ ಉತ್ತರ ಕೊಡಲಿಲ್ಲ. ನಾವೂ ಯೋಚಿಸೋಣ. ಹಿಂದೆ ಕೆಲವು ಊರುಗಳಲ್ಲಿ ದೆವ್ವ ಬರಬಾರದು ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ನಾವು ಆರೋಗ್ಯಕ್ಕೂ "ನಾಳೆ ಬಾ" ಅಂತ ಬರೆದುಬಿಟ್ಟಿದ್ದೇವೆ. ಅದನ್ನು ಅಳಿಸಲು ಮನಸ್ಸು ಗಟ್ಟಿಯಾಗಲಿ ಅಂತ ಕಾಯಬೇಕಿಲ್ಲ. ಲೆಕ್ಕ ಇಟ್ಟರೆ ಸಾಕು. ಲೆಕ್ಕ ಇಟ್ಟವರಿಗೆ ಮನಸ್ಸು ನಿಧಾನವಾಗಿ ಗಟ್ಟಿಯಾಗುತ್ತದೆ. ಹೀಗೆ ನಮ್ಮನ್ನು ನಾವೇ ನೋಡಿಕೊಂಡು ತಿದ್ದಿಕೊಳ್ಳುವುದಕ್ಕೆ ಸ್ವಯಂ ನಿಯಂತ್ರಣ ಅಂತ ಹೆಸರು.

ಇದು ಬರೀ ಬಾಯಿಮಾತಲ್ಲ. 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ಊಟ ಮತ್ತು ಚಟುವಟಿಕೆಯ ಬಗ್ಗೆ ನಡೆದ 122 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಾವುದರಿಂದ ಹೆಚ್ಚು ಉಪಯೋಗ ಆಯಿತು? ತಮ್ಮ ಲೆಕ್ಕ ತಾವೇ ಇಡುವುದು, ಅದರ ಜೊತೆಗೆ ಗುರಿ ಇಡುವುದು ಅಥವಾ ಗುರಿಯನ್ನು ಮತ್ತೆ ತಾಳೆ ನೋಡುವುದು, ಇವು ಸೇರಿದ್ದಾಗ ಹೆಚ್ಚು ಉಪಯೋಗ ಆಯಿತು.

ಆರು ಮೆಟ್ಟಿಲು

ಶಿವಗಂಗೆ ಬೆಟ್ಟವನ್ನು ಒಂದೇ ನೆಗೆತಕ್ಕೆ ಹತ್ತಲು ಆಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೇವೆ. ಇದೂ ಹಾಗೆಯೇ.

1. ಈಗ ಎಷ್ಟು, ನೋಡಿ. ಮೊದಲ ಮೂರು ದಿನ ಏನನ್ನೂ ಬದಲಾಯಿಸಬೇಡಿ. ದಿನಕ್ಕೆ ಎಷ್ಟು ನಡೆಯುತ್ತೀರಿ, ಅಷ್ಟನ್ನೇ ಬರೆಯಿರಿ. ಸೊಸೆ ಫೋನು ನೋಡಿ ಬರೆದಳು. ಮೊದಲ ದಿನ 2,800 ಹೆಜ್ಜೆ. ಎರಡನೇ ದಿನ 3,400. ಮೂರನೇ ದಿನ 2,800. ಕೂಡಿದರೆ 9,000. ಮೂರರಿಂದ ಭಾಗಿಸಿದರೆ 3,000. ಇದು ಅವಳ ಸರಾಸರಿ.

2. ಚಿಕ್ಕ ಗುರಿ ಇಡಿ. 3,000 ನಡೆಯುವವರು ನಾಳೆಯೇ 10,000 ನಡೆಯಲು ಹೋದರೆ ಕಾಲು ನೋಯುತ್ತದೆ. ಮೂರನೇ ದಿನ ಬಿಟ್ಟುಬಿಡುತ್ತಾರೆ. ಇದು ಆರಂಭಶೂರತನ. 500 ಹೆಚ್ಚಿಸಿ. 3,500 ಆಗಲಿ. ಎರಡು ವಾರ ಕಳೆದ ಮೇಲೆ ಇನ್ನೊಂದು 500 ಹೆಚ್ಚಿಸಿ.

3. ಯಾವಾಗ, ಎಲ್ಲಿ ಅಂತ ನಿಗದಿ ಮಾಡಿ. "ಬಿಡುವಾದಾಗ ನಡೀತೀನಿ" ಅಂದರೆ ಬಿಡುವೇ ಆಗುವುದಿಲ್ಲ. ದಿನಾ ಮಾಡುವ ಒಂದು ಕೆಲಸಕ್ಕೆ ನಡಿಗೆಯನ್ನು ಗಂಟು ಹಾಕಿ. "ಡೈರಿಗೆ ಹಾಲು ಹಾಕಿದ ಮೇಲೆ 15 ನಿಮಿಷ ನಡೆಯುತ್ತೇನೆ." "ಸಂಜೆ ಒಂದು ಸ್ಟಾಪ್ ಮುಂಚೆ ಇಳಿದು ನಡೆದು ಬರುತ್ತೇನೆ."

4. ಅದೇ ದಿನ ಬರೆದಿಡಿ. ಮಲಗುವ ಮುಂಚೆ ಬರೆಯಿರಿ. ನಡೆಯದ ದಿನ ಸೊನ್ನೆ ಬರೆಯಿರಿ. ಸೊನ್ನೆ ಬರೆಯಲು ನಾಚಿಕೆ ಬೇಡ. ಸೊನ್ನೆಯೂ ಒಂದು ಪಾಠ ಹೇಳುತ್ತದೆ.

5. ವಾರಕ್ಕೊಮ್ಮೆ ತಾಳೆ ನೋಡಿ. ಗುರಿ ಎಷ್ಟಿತ್ತು? ನಡೆದಿದ್ದು ಎಷ್ಟು? ಯಾವ ದಿನ ತಪ್ಪಿತು, ಯಾಕೆ ತಪ್ಪಿತು? ಅಡ್ಡಿ ಏನು ಅಂತ ಗೊತ್ತಾದರೆ ದಾರಿಯೂ ಹೊಳೆಯುತ್ತದೆ. "ಮಳೆ ಬಂದರೆ ಪಡಸಾಲೆಯಲ್ಲೇ 10 ನಿಮಿಷ ಓಡಾಡುತ್ತೇನೆ." ಮಳೆ ಬರುವ ಮೊದಲೇ ಇದನ್ನು ಬರೆದಿಡಿ. ಗುರಿ ಹೆಚ್ಚಾಯಿತು ಅನ್ನಿಸಿದರೆ ಇಳಿಸಿ. ಇಳಿಸುವುದು ಸೋಲಲ್ಲ. ಬಿಟ್ಟುಬಿಡುವುದು ಸೋಲು.

6. ಒಬ್ಬರಿಗೆ ಹೇಳಿ. ಗಂಡನಿಗೋ, ಗೆಳತಿಗೋ, ಸಂಘದ ಅಕ್ಕನಿಗೋ ಹೇಳಿ. "ಇವತ್ತು ನಡೆದೆಯಾ?" ಅಂತ ಕೇಳುವವರು ಒಬ್ಬರಿದ್ದರೆ ಹೆಜ್ಜೆ ತಾನಾಗಿ ಏಳುತ್ತದೆ. ಸಂಘದ ಉಳಿತಾಯವೂ ಹೀಗೇ ತಾನೇ ಬೆಳೆದಿದ್ದು? ವಾರ ವಾರ ಕಟ್ಟಿದೆವು, ಬರೆದೆವು, ಎಲ್ಲರ ಮುಂದೆ ಓದಿದೆವು.

ಸೊಸೆ ಬರೆದ ಒಂದು ವಾರದ ಲೆಕ್ಕ

ಕೆಲವು ದಿನ ಹೆಜ್ಜೆ ಎಣಿಸಿದ ಮೇಲೆ ಸೊಸೆ ನಿಮಿಷದ ಲೆಕ್ಕ ಶುರುಮಾಡಿದಳು. ವಾರದ ಗುರಿ: 100 ನಿಮಿಷ.

ಸೋಮವಾರ – 20 ನಿಮಿಷ
ಮಂಗಳವಾರ – 20 ನಿಮಿಷ
ಬುಧವಾರ – 0 (ಮಳೆ)
ಗುರುವಾರ – 25 ನಿಮಿಷ
ಶುಕ್ರವಾರ – 15 ನಿಮಿಷ
ಶನಿವಾರ – 0 (ಓವರ್‌ಟೈಮ್)
ಭಾನುವಾರ – 30 ನಿಮಿಷ (ಅತ್ತೆಯ ಜೊತೆ)
ಒಟ್ಟು – 110 ನಿಮಿಷ

ನೋಡಿದಿರಾ? ಎರಡು ದಿನ ಸೊನ್ನೆ ಇದೆ. ಆದರೂ ಗುರಿ ಮುಟ್ಟಿದ್ದಾಳೆ. ಬರೆಯದೇ ಇದ್ದಿದ್ದರೆ ಏನಾಗುತ್ತಿತ್ತು? ಬುಧವಾರವೇ "ಅಯ್ಯೋ, ತಪ್ಪಿಹೋಯ್ತು, ಇನ್ನು ಬಿಡು" ಅನ್ನುತ್ತಿದ್ದಳು. ಹನಿ ಹನಿ ಕೂಡಿದರೆ ಹಳ್ಳ. ನಿಮಿಷ ನಿಮಿಷ ಕೂಡಿದರೆ ಆರೋಗ್ಯ.

ಫೋನು ಹೇಗೆ ನೆರವಾಗುತ್ತದೆ?

ಫೋನಿನಿಂದಲೇ ಜನ ಕೂತಲ್ಲೇ ಕೂರುತ್ತಾರೆ. ಫೋನು ಬಿಡಲಾಗದವರಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿ ಒಂದು ಚಿಕಿತ್ಸಾ ವಿಭಾಗವನ್ನು ಶುರುಮಾಡಿತು. ಅದೇ ಫೋನು ನಮ್ಮನ್ನು ಎಬ್ಬಿಸಿ ನಡೆಸಲೂ ಬಲ್ಲದು. ಕುಡುಗೋಲು ಪೈರನ್ನೂ ಕುಯ್ಯುತ್ತದೆ, ಕೈಯನ್ನೂ ಕುಯ್ಯುತ್ತದೆ. ಹಿಡಿಯುವುದು ನಮಗೆ ಗೊತ್ತಿರಬೇಕು.

ಹೆಜ್ಜೆ ಎಣಿಕೆ: ಈಗಿನ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಅಲುಗಾಟವನ್ನು ಅಳೆಯುವ ಒಂದು ಪುಟ್ಟ ಭಾಗ ಇರುತ್ತದೆ. ಫೋನು ಮೈಮೇಲೆ ಇದ್ದರೆ ಹೆಜ್ಜೆ ಎಣಿಸುತ್ತದೆ. ಗೂಡಿನಲ್ಲಿ ಇಟ್ಟು ನಡೆದರೆ ಎಣಿಸುವುದಿಲ್ಲ. ಕೆಲವು ಸಲ ಒಂದಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ. ಪರವಾಗಿಲ್ಲ. ದಿನಾ ಒಂದೇ ರೀತಿ ಇಟ್ಟುಕೊಂಡರೆ ಹೋಲಿಸಲು ಸಾಕು. ಕೇಂದ್ರ ಸರ್ಕಾರ 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಎಂಬ ಆಂದೋಲನ ಶುರುಮಾಡಿತು. ಅದರ ಆ್ಯಪ್ 2021ರ ಆಗಸ್ಟ್ 29ರಂದು ಬಂತು.

ಹೆಜ್ಜೆ ಎಣಿಸಿದರೆ ನಿಜವಾಗಿ ನಡಿಗೆ ಹೆಚ್ಚುತ್ತದೆಯೇ? 2007ರಲ್ಲಿ ಅಮೆರಿಕದ ಸಂಶೋಧಕರು 26 ಅಧ್ಯಯನಗಳನ್ನು ನೋಡಿದರು. ಹೆಜ್ಜೆ ಎಣಿಸುವ ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡವರು ದಿನಕ್ಕೆ ಸುಮಾರು 2,500 ಹೆಜ್ಜೆ ಹೆಚ್ಚು ನಡೆದಿದ್ದರು. ಅದರಲ್ಲೂ ಗುರಿ ಇಟ್ಟುಕೊಂಡವರಿಗೆ ಹೆಚ್ಚು ಉಪಯೋಗ ಆಗಿತ್ತು.

"10,000 ಹೆಜ್ಜೆ ಆಗಲೇಬೇಕು" ಅಂತ ಕೆಲವರು ಹೇಳುತ್ತಾರೆ. ಆ ಸಂಖ್ಯೆ ಬಂದದ್ದು ಜಪಾನಿನಿಂದ. 1965ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ "ಹತ್ತು ಸಾವಿರ ಹೆಜ್ಜೆಯ ಮೀಟರು" ಎಂಬ ಅರ್ಥದ ಹೆಸರಿತ್ತು. ಅದು ವೈದ್ಯರು ಬರೆದ ಚೀಟಿ ಅಲ್ಲ. 2022ರಲ್ಲಿ 15 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಬೇರೆ ವಿಷಯ ತಿಳಿಯಿತು. 60 ವರ್ಷ ದಾಟಿದವರಿಗೆ 6,000ದಿಂದ 8,000 ಹೆಜ್ಜೆಯ ಹೊತ್ತಿಗೆ ಹೆಚ್ಚಿನ ಲಾಭ ಸಿಕ್ಕಿರುತ್ತದೆ. ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000. ತೀರಾ ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚಿಸಿದರೂ ಒಳ್ಳೆಯದೇ.

ನೆನಪಿನ ಗಂಟೆ: ನೀವು ನಿಗದಿ ಮಾಡಿದ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಡಿ.

ನೆನಪಿನ ಸಂದೇಶ: ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ದಕ್ಷಿಣ ಭಾರತದಲ್ಲಿ ಒಂದು ಪ್ರಯೋಗ ಮಾಡಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಗಂಡಸರನ್ನು ಸೇರಿಸಿಕೊಂಡರು. ಊಟ, ಚಟುವಟಿಕೆ ಹೇಗಿರಬೇಕು ಅಂತ ಎಲ್ಲರಿಗೂ ಹೇಳಿದರು. ಸುಮಾರು ಅರ್ಧ ಜನರ ಮೊಬೈಲಿಗೆ ಮಾತ್ರ ಆಗಾಗ ಸಂದೇಶ ಕಳಿಸಿದರು. ಎರಡು ವರ್ಷದ ನಂತರ ನೋಡಿದರು. ಸಂದೇಶ ಬಾರದವರಲ್ಲಿ 100ಕ್ಕೆ 27 ಜನರಿಗೆ ಕಾಯಿಲೆ ಬಂದಿತ್ತು. ಸಂದೇಶ ಬಂದವರಲ್ಲಿ 100ಕ್ಕೆ 18 ಜನರಿಗೆ ಬಂದಿತ್ತು. ಇದು 2013ರಲ್ಲಿ ಪ್ರಕಟವಾಯಿತು. ಅದು ಸಾದಾ ಮೊಬೈಲಿಗೂ ಬರುವ ಪುಟ್ಟ ಸಂದೇಶ. ಓದಲು ಬಂದದ್ದರಿಂದ ಅದು ಉಪಯೋಗಕ್ಕೆ ಬಂತು.

ವಾಟ್ಸಾಪ್ ಗುಂಪು: ಸಂಘದ ಐದಾರು ಜನ ಸೇರಿ ಒಂದು ಗುಂಪು ಮಾಡಿಕೊಳ್ಳಿ. ರಾತ್ರಿ ಎಲ್ಲರೂ ತಮ್ಮ ತಮ್ಮ ನಿಮಿಷ ಬರೆಯಲಿ. ಒಂದೇ ಸಂಖ್ಯೆ ಸಾಕು. ಬರೆಯಲು ಇನ್ನೂ ಕಷ್ಟವಾದರೆ ಮಾತಾಡಿ ಕಳಿಸಿ. ಆದರೆ ವಾರಕ್ಕೆ ಒಂದು ದಿನವಾದರೂ ಕೈಯಲ್ಲಿ ಬರೆಯಿರಿ. ಕಲಿತ ಅಕ್ಷರ ಮರೆಯಬಾರದು. ಗುಂಪಿನಲ್ಲಿ ಹೋಲಿಕೆ ಬೇಡ. ಅವಳು 40, ನಾನು 15 ಅಂತ ಕೊರಗಬೇಡಿ. ಹೋದ ವಾರದ ನಿಮ್ಮನ್ನು ಈ ವಾರದ ನಿಮ್ಮ ಜೊತೆ ಹೋಲಿಸಿ.

ಫೋನು ಇಲ್ಲವೇ? ಗೋಡೆಯ ಕ್ಯಾಲೆಂಡರ್ ಇದೆಯಲ್ಲ! ಆ ದಿನದ ಮನೆಯಲ್ಲಿ ನಿಮಿಷ ಬರೆಯಿರಿ. ಪೆನ್ಸಿಲು, ಕ್ಯಾಲೆಂಡರ್, ಎಣಿಸಲು ಬರುವ ನೀವು, ಇಷ್ಟೇ ಸಾಕು.

ಎಚ್ಚರಿಕೆ

• ನಡೆಯುವಾಗ ಎದೆನೋವು, ತಲೆಸುತ್ತು, ತೀರಾ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ. ಆಸ್ಪತ್ರೆಗೆ ಹೋಗಿ.
• ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇರುವವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬೇಡಿ. ದಿನಾ ಪಾದ ನೋಡಿಕೊಳ್ಳಿ. ಮಾತ್ರೆ ನಿಲ್ಲಿಸಬೇಡಿ.
• 30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಇದಕ್ಕೆ ಹಣ ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ.
• ಹೆದ್ದಾರಿ ಪಕ್ಕ ನಡೆಯಬೇಡಿ. ಊರೊಳಗಿನ ದಾರಿ, ಶಾಲೆಯ ಬಯಲು ಒಳ್ಳೆಯದು. ಪಾದಚಾರಿ ದಾರಿ ಇಲ್ಲದ ರಸ್ತೆಯಲ್ಲಿ ಬಲಗಡೆ ನಡೆಯಿರಿ. ಎದುರಿನಿಂದ ಬರುವ ಗಾಡಿ ಕಾಣುತ್ತದೆ. ನಡೆಯುವಾಗ ಫೋನು ನೋಡಬೇಡಿ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ.
• "ನಡೆದರೆ ಹಣ ಬರುತ್ತೆ, ಮೊದಲು ಇಷ್ಟು ಕಟ್ಟಿ" ಅಂತ ಯಾರಾದರೂ ಸಂದೇಶ ಕಳಿಸಿದರೆ ನಂಬಬೇಡಿ. ಒ.ಟಿ.ಪಿ. ಯಾರಿಗೂ ಹೇಳಬೇಡಿ. ಮೋಸ ಹೋದರೆ ತಕ್ಷಣ 1930ಕ್ಕೆ ಫೋನು ಮಾಡಿ.

ಹೊಸ ಪದಗಳು

ಚಟುವಟಿಕೆ – ಮೈ ಬಗ್ಗಿಸಿ ಮಾಡುವ ಕೆಲಸ, ಓಡಾಟ
ಸ್ವಯಂ ನಿಯಂತ್ರಣ – ನಮ್ಮನ್ನು ನಾವೇ ಹತೋಟಿಯಲ್ಲಿ ಇಟ್ಟುಕೊಳ್ಳುವುದು
ಸರಾಸರಿ – ಎಲ್ಲವನ್ನೂ ಕೂಡಿ, ಎಷ್ಟು ದಿನವೋ ಅಷ್ಟರಿಂದ ಭಾಗಿಸಿದರೆ ಬರುವುದು
ತಾಳೆ ನೋಡು – ಎರಡನ್ನು ಹೋಲಿಸಿ ಸರಿ ಇದೆಯೇ ಅಂತ ನೋಡುವುದು

ಉತ್ತರ ಹೇಳಿ

1. ಅತ್ತೆ ಹಾಲಿನ ಲೆಕ್ಕದ ಮಾತು ಯಾಕೆ ತೆಗೆದಳು?
2. ನಡೆಯದ ದಿನವೂ ಸೊನ್ನೆ ಬರೆಯಬೇಕು. ಯಾಕೆ?
3. ನಿಮ್ಮ ನಡಿಗೆಗೆ ಇರುವ ಅಡ್ಡಿ ಯಾವುದು? ಅದಕ್ಕೆ ಏನು ಮಾಡುತ್ತೀರಿ?

ಲೆಕ್ಕ ಮಾಡಿ

1. ದಿನಕ್ಕೆ 20 ನಿಮಿಷದಂತೆ 6 ದಿನ ನಡೆದರೆ ಒಟ್ಟು ಎಷ್ಟು ನಿಮಿಷ? 150 ಮುಟ್ಟಲು ಇನ್ನೆಷ್ಟು ಬೇಕು?
2. ಒಬ್ಬರು ಮೂರು ದಿನ 4,000, 3,500, 4,500 ಹೆಜ್ಜೆ ನಡೆದರು. ಸರಾಸರಿ ಎಷ್ಟು?

ಬಿಟ್ಟ ಜಾಗ ತುಂಬಿ. ಇಬ್ಬರ ಮುಂದೆ ಓದಿ ಹೇಳಿ.

ಈಗ ನಾನು ದಿನಕ್ಕೆ ______ ನಿಮಿಷ ನಡೆಯುತ್ತೇನೆ.
ಮುಂದಿನ ವಾರ ದಿನಕ್ಕೆ ______ ನಿಮಿಷ ನಡೆಯುತ್ತೇನೆ.
______ ಕೆಲಸ ಆದ ಮೇಲೆ ಹೊರಡುತ್ತೇನೆ.
______ ಅಡ್ಡಿ ಬಂದರೆ ______ ಮಾಡುತ್ತೇನೆ.
ನನ್ನ ಲೆಕ್ಕವನ್ನು ______ ಅವರಿಗೆ ತೋರಿಸುತ್ತೇನೆ.
ನನ್ನ ಸಹಿ: ______________